ಮೈಸೂರಿನ ಹಂಚಿಕೆ ಲ್ಯಾಬಿನಲ್ಲಿ ಮೆಟಬೊಲೋಮಿಕ್ಸ್: ಯಾವ ಸ್ಯಾಂಪಲ್‌ಗೆ ಯಾವ ಯಂತ್ರ?

ಮಂಡ್ಯದ ಬೆಲ್ಲ, ನಂಜನಗೂಡಿನ ರಸಬಾಳೆ, ಮೈಸೂರಿನ ವೀಳ್ಯದೆಲೆ, ಹಿಪ್ಪುನೇರಳೆ ಸೊಪ್ಪು, ರಾಗಿ. ಈ ಭಾಗದಲ್ಲಿ ಮೆಟಬೊಲೋಮಿಕ್ಸ್ (ಜೀವಕೋಶದ ಸಣ್ಣ ಅಣುಗಳಾದ ಮೆಟಬೊಲೈಟ್‌ಗಳನ್ನು ಒಟ್ಟಿಗೆ ಅಳೆಯುವ ವಿದ್ಯೆ) ಮಾಡಲು ಹೊರಡುವವರ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಇವೇ. ಆದರೆ ಹಂಚಿಕೆ ಲ್ಯಾಬಿನ (ಹೊರಗಿನವರೂ ದುಡ್ಡು ಕೊಟ್ಟು ಯಂತ್ರ ಬಳಸಬಹುದಾದ ಲ್ಯಾಬ್) ಕೌಂಟರಿಗೆ ಬಂದವರ ಮೊದಲ ಪ್ರಶ್ನೆ ಡಬ್ಬಿಯೊಳಗಿನದರ ಬಗ್ಗೆ ಇರುವುದಿಲ್ಲ. ‘ಹೈ ರೆಸಲ್ಯೂಷನ್ ಎಲ್‌ಸಿ-ಎಂಎಸ್ ಇದೆಯಾ?’ ಎಂದಿರುತ್ತದೆ. ಎಂಎಸ್ ಎಂದರೆ ಅಣುಗಳನ್ನು ಅಯಾನು ಮಾಡಿ ದ್ರವ್ಯರಾಶಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್; ಅದಕ್ಕೆ ಮುಂಚೆ ಮಿಶ್ರಣವನ್ನು ಕಾಲಂ ಎಂಬ ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸುವುದು ಎಲ್‌ಸಿಯಲ್ಲಿ ದ್ರವ, ಜಿಸಿಯಲ್ಲಿ ಅನಿಲ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮೇಲಿನ ಪಟ್ಟಿಯಲ್ಲಿರುವ ಹೆಚ್ಚಿನ ಕೆಲಸಕ್ಕೆ ಮೊದಲ ದುಡ್ಡು ಹಾಕಬೇಕಾದದ್ದು ಸಾಧಾರಣ ಸಿಂಗಲ್ ಕ್ವಾಡ್ರುಪೋಲ್ ಜಿಸಿ-ಎಂಎಸ್‌ಗೆ. ದ್ರವ್ಯರಾಶಿಯನ್ನು ಬಹು ನಿಖರವಾಗಿ ಅಳೆಯುವ ದುಬಾರಿ ಕ್ಯೂ-ಟಾಫ್ ಆಮೇಲೆ ಬರಲಿ. ಯಂತ್ರ ಯಾವುದೇ ಆಗಲಿ, ಲ್ಯಾಬನ್ನು ಅಳೆಯಬೇಕಾದದ್ದು ಅದರ ಕ್ಯೂಸಿ (ಗುಣಮಟ್ಟ ಪರೀಕ್ಷೆ) ದಾಖಲೆಯಿಂದ. ಬ್ರೋಷರ್ ನೋಡಿ ಲ್ಯಾಬ್ ಆರಿಸಬಾರದು.

ಮೈಸೂರಿಗೆ ಈ ವಿದ್ಯೆ ಹೊಸದಲ್ಲ. ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಚೆಲುವಾಂಬ ಮಹಲಿನಲ್ಲಿದೆ, ರಕ್ಷಣಾ ಇಲಾಖೆಯ ಆಹಾರ ಪ್ರಯೋಗಾಲಯ 1961ರಿಂದ ಇದೆ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಇದೆ. ಹೀಗಾಗಿ ಆಹಾರ ಮತ್ತು ಸಸ್ಯ ರಸಾಯನ ಬಲ್ಲ ಕೈಗಳು ಊರಲ್ಲಿ ಸಿಗುತ್ತವೆ. ಸಾರ್ವಜನಿಕ ಸಂಸ್ಥೆಗಳ ಯಾವ ಉಪಕರಣ ಎಲ್ಲಿದೆ, ಹೊರಗಿನವರಿಗೆ ದರ ಎಷ್ಟು ಎಂಬುದನ್ನು ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಬಹುದು. ಆದರೆ ಪೋರ್ಟಲ್‌ನಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಯಂತ್ರ ಇವತ್ತು ಓಡುತ್ತಿದೆ ಎಂದು ನಂಬಬೇಡಿ. ಫೋನ್ ಮಾಡಿ ಮೂರು ವಿಷಯ ಕೇಳಿ: ಕೊನೆಯ ಟ್ಯೂನ್ (ಯಂತ್ರದ ಹೊಂದಾಣಿಕೆ) ಯಾವಾಗ ಆಯಿತು, ಈಗ ಯಾವ ಕಾಲಂ ಹಾಕಿದ್ದೀರಿ, ಹೋದ ಬ್ಯಾಚಿನ ಕ್ಯೂಸಿ ಆರ್‌ಎಸ್‌ಡಿ (ಒಂದೇ ಸ್ಯಾಂಪಲನ್ನು ಮತ್ತೆ ಮತ್ತೆ ಓಡಿಸಿದಾಗಿನ ಶೇಕಡಾ ಏರುಪೇರು) ಎಷ್ಟಿತ್ತು. ಮೂರಕ್ಕೂ ಥಟ್ಟನೆ ಉತ್ತರ ಬಂದರೆ ಆ ಲ್ಯಾಬ್ ಒಳ್ಳೆಯದು. ಮೂರನೆಯ ಪ್ರಶ್ನೆಗೆ ‘ಹಾಗೆಂದರೆ?’ ಎಂದರೆ ಬೇರೆ ಕಡೆ ನೋಡಿ.

ಯಂತ್ರದ ಮಾತಿಗೆ ಮುಂಚೆ ಸ್ಯಾಂಪಲ್ ತರುವ ವಿಚಾರ. ಫಲಿತಾಂಶ ಹಾಳಾಗುವುದು ಹೆಚ್ಚಾಗಿ ಲ್ಯಾಬಿನಲ್ಲಲ್ಲ, ಹೊಲದಿಂದ ಲ್ಯಾಬಿಗೆ ಬರುವ ದಾರಿಯಲ್ಲಿ. ಎಲೆ ಗಿಡದಿಂದ ಬೇರ್ಪಟ್ಟ ಮೇಲೂ ಅದರ ಕಿಣ್ವಗಳು ಕೆಲಸ ನಿಲ್ಲಿಸುವುದಿಲ್ಲ. ಸಕ್ಕರೆ ಫಾಸ್ಫೇಟುಗಳು, ಎಟಿಪಿಯಂಥವು ಸೆಕೆಂಡುಗಳಲ್ಲಿ ಬದಲಾಗುತ್ತವೆ. ಬಾಳೆಯ ತಿರುಳಾದರೆ ಪಾಲಿಫಿನಾಲ್ ಆಕ್ಸಿಡೇಸ್‌ನಿಂದ ಕಣ್ಣೆದುರೇ ಕಂದಾಗುತ್ತದೆ. ಆದ್ದರಿಂದ ಕತ್ತರಿಸಿದ ಕೂಡಲೇ ಅಲ್ಲೇ ದ್ರವ ಸಾರಜನಕಕ್ಕೆ, ಅಂದರೆ ಮೈನಸ್ 196 ಡಿಗ್ರಿಗೆ ಹಾಕಬೇಕು. ಹಸು ಎಮ್ಮೆಗಳ ಕೃತಕ ಗರ್ಭಧಾರಣೆಗೆ ಬಳಸುವ ಜಾಡಿಯಂಥದ್ದೇ ಸಾಕು. ಮುಚ್ಚಳವನ್ನು ಯಾವತ್ತೂ ಬಿಗಿಯಾಗಿ ಮುಚ್ಚಬೇಡಿ, ಆವಿ ಹೊರಗೆ ಹೋಗಲೇಬೇಕು. ಮಂಡ್ಯದ ವಿ.ಸಿ. ಫಾರ್ಮ್ ಕಡೆಯಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಈ ದೂರಕ್ಕೆ ಡ್ರೈ ಐಸ್ ಧಾರಾಳವಾಗಿ ಸಾಲುತ್ತದೆ. ದಪ್ಪ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ದಿನಕ್ಕೆ 2ರಿಂದ 5 ಕೆ.ಜಿ. ಕರಗುತ್ತದೆ ಎಂದು ಲೆಕ್ಕ ಹಾಕಿ. ಕರಗಿದ್ದೆಲ್ಲ ಕಾರ್ಬನ್ ಡೈಆಕ್ಸೈಡ್ ಆಗುವುದರಿಂದ ಗಾಜು ಮುಚ್ಚಿದ ಎಸಿ ಬಸ್ಸಿನಲ್ಲಿ ತರಬಾರದು, ಕಾರಾದರೆ ಕಿಟಕಿ ಸ್ವಲ್ಪ ಇಳಿಸಿರಬೇಕು. ಬೈಕಿನಲ್ಲಿ ಬರುವವರಿಗೆ ಇನ್ನೊಂದು ಮಾತು: 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ. ಸರ್ವಿಸ್ ರಸ್ತೆಯ ಹೆಚ್ಚುವರಿ ಹೊತ್ತಿಗೂ ಸೇರಿಸಿ ಡ್ರೈ ಐಸ್ ತುಂಬಿಸಿ.

ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದು) ಮಾಡಿ ಸಿಲಿಕಾ ಜೆಲ್ ಜೊತೆ ತಂದರೆ ಈ ತಾಪತ್ರಯವೇ ಇಲ್ಲ. ರಾಗಿ, ಹಿಪ್ಪುನೇರಳೆ ಸೊಪ್ಪಿಗೆ ಅದು ಒಳ್ಳೆಯ ದಾರಿ. ರಸಬಾಳೆಯ ಪರಿಮಳ ಅಥವಾ ಮಲ್ಲಿಗೆ ಹೂವಿನ ಕೆಲಸಕ್ಕೆ ಮಾತ್ರ ಬೇಡ. ನಿಮಗೆ ಬೇಕಾದ ವಸ್ತುವೇ ನಿರ್ವಾತದಲ್ಲಿ ಹಾರಿಹೋಗಿರುತ್ತದೆ.

ಈಗ ಜಿಸಿ-ಎಂಎಸ್. ಇದರ ದೊಡ್ಡ ಗುಣ, ಹೆಸರು ಕೊಡುತ್ತದೆ. 70 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಅಣು ಒಡೆಯುವ ರೀತಿ ಮೈಸೂರಿನ ಯಂತ್ರದಲ್ಲೂ ಇನ್ನೊಂದು ದೇಶದ ಯಂತ್ರದಲ್ಲೂ ಬಹುತೇಕ ಒಂದೇ ಆಗಿರುವುದರಿಂದ ನಿಸ್ಟ್ ಮತ್ತು ಫೀನ್ ಲೈಬ್ರರಿಗಳ (ಗೊತ್ತಿರುವ ಅಣುಗಳು ಒಡೆಯುವ ಮಾದರಿಗಳ ಸಂಗ್ರಹ) ಜೊತೆ ನೇರವಾಗಿ ಹೋಲಿಸಬಹುದು. ಸಕ್ಕರೆ, ಸಾವಯವ ಆಮ್ಲ, ಅಮೈನೋ ಆಮ್ಲ, ಕೊಬ್ಬಿನ ಆಮ್ಲ, ಸಕ್ಕರೆ ಆಲ್ಕೋಹಾಲ್, ಇಷ್ಟೂ ಒಂದೇ ರನ್‌ನಲ್ಲಿ ಸಿಗುತ್ತವೆ. 30 ಮೀಟರ್ ಉದ್ದ, 0.25 ಮಿ.ಮೀ. ಒಳವ್ಯಾಸ, 0.25 ಮೈಕ್ರಾನ್ ಪದರದ 5% ಫೀನೈಲ್ ಕಾಲಂ ಇದ್ದರೆ ಸಾಕು. ಲೈಬ್ರರಿ ಹೊಂದಾಣಿಕೆಯ ಅಂಕಿಯ ಜೊತೆಗೆ ರಿಟೆನ್ಷನ್ ಇಂಡೆಕ್ಸ್ (ಕಾಲಂನಿಂದ ಹೊರಬರುವ ಸಮಯದ ಹೋಲಿಕೆ ಅಂಕಿ) ಕೊಡುವ ಲ್ಯಾಬನ್ನೇ ಆರಿಸಿ. ಆಲ್ಕೇನ್ ಅಥವಾ ಫೇಮ್ (ಕೊಬ್ಬಿನ ಆಮ್ಲಗಳ ಮೀಥೈಲ್ ಎಸ್ಟರ್) ಮಿಶ್ರಣವನ್ನು ಪ್ರತಿ ಬ್ಯಾಚಿನಲ್ಲೂ ಓಡಿಸದೆ ಇಂಡೆಕ್ಸ್ ಬರುವುದಿಲ್ಲ, ಇಂಡೆಕ್ಸ್ ಇಲ್ಲದ ಲೈಬ್ರರಿ ಹೆಸರು ಅರ್ಧ ನಂಬಿಕೆಯದು. ವೀಳ್ಯದೆಲೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಯೂಜಿನಾಲ್ ಮತ್ತು ಚಾವಿಬಿಟಾಲ್ ಎರಡರ ಸೂತ್ರವೂ ಒಂದೇ, ಒಡೆಯುವ ರೀತಿಯೂ ಹೆಚ್ಚುಕಡಿಮೆ ಒಂದೇ. ಲೈಬ್ರರಿ ಒಮ್ಮೆ ಇದನ್ನು ಹೇಳುತ್ತದೆ, ಇನ್ನೊಮ್ಮೆ ಅದನ್ನು. ಎರಡನ್ನೂ ಬೇರೆ ಮಾಡುವುದು ಕಾಲಂನಿಂದ ಹೊರಬರುವ ಸಮಯ ಮಾತ್ರ.

ಸಕ್ಕರೆ, ಆಮ್ಲಗಳು ಹಾಗೆಯೇ ಆವಿಯಾಗುವುದಿಲ್ಲ, ಆವಿಯಾಗುವ ರೂಪಕ್ಕೆ ಬದಲಿಸಬೇಕು (ಡಿರೈವಟೈಸೇಷನ್). ತಯಾರಿಯ ಅಳತೆಗಳು ಹೀಗಿವೆ. 100 ಮಿ.ಗ್ರಾಂ ಹಸಿ ಎಲೆಯ ಹೆಪ್ಪುಗಟ್ಟಿದ ಪುಡಿಗೆ ತಣ್ಣಗಿನ ಮೆಥನಾಲ್ 1.4 ಮಿ.ಲೀ., ಜೊತೆಗೆ ಆಂತರಿಕ ಸ್ಟ್ಯಾಂಡರ್ಡ್ (ಹೋಲಿಕೆಗೆ ಗೊತ್ತಿರುವ ಅಳತೆಯಲ್ಲಿ ಸೇರಿಸುವ ವಸ್ತು) ಆಗಿ 0.2 ಮಿ.ಗ್ರಾಂ/ಮಿ.ಲೀ. ರಿಬಿಟಾಲ್ 60 ಮೈಕ್ರೋಲೀಟರ್. 70 ಡಿಗ್ರಿಯಲ್ಲಿ 10 ನಿಮಿಷ ಕುಲುಕಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವಕ್ಕೆ 750 ಮೈಕ್ರೋಲೀಟರ್ ಕ್ಲೋರೊಫಾರ್ಮ್, 1.5 ಮಿ.ಲೀ. ನೀರು. ಮತ್ತೆ ಸೆಂಟ್ರಿಫ್ಯೂಜ್. ಮೇಲಿನ ನೀರು–ಮೆಥನಾಲ್ ಪದರದಿಂದ 150 ಮೈಕ್ರೋಲೀಟರ್ ತೆಗೆದು ನಿರ್ವಾತದಲ್ಲಿ ಪೂರ್ತಿ ಒಣಗಿಸಿ. ಪಿರಿಡಿನ್‌ನಲ್ಲಿ ಕರಗಿಸಿದ 20 ಮಿ.ಗ್ರಾಂ/ಮಿ.ಲೀ. ಮೆಥಾಕ್ಸಿಅಮೈನ್ 40 ಮೈಕ್ರೋಲೀಟರ್ ಹಾಕಿ 37 ಡಿಗ್ರಿಯಲ್ಲಿ 2 ಗಂಟೆ, ನಂತರ ಸಿಲೈಲೇಷನ್‌ಗೆ (ಅಣುವಿಗೆ ಟಿಎಂಎಸ್ ಎಂಬ ಸಿಲಿಕಾನ್ ಗುಂಪು ಅಂಟಿಸುವುದು) ರಿಯೇಜೆಂಟ್ ಆದ ಎಂಎಸ್‌ಟಿಎಫ್‌ಎ 70 ಮೈಕ್ರೋಲೀಟರ್ ಹಾಕಿ ಅದೇ ಶಾಖದಲ್ಲಿ 30 ನಿಮಿಷ. ಇಂಜೆಕ್ಷನ್ 1 ಮೈಕ್ರೋಲೀಟರ್. ಸಿಲೈಲೇಷನ್ ಆದ ವಯಲ್‌ಗಳನ್ನು (ಪುಟ್ಟ ಸೀಸೆ) 24 ಗಂಟೆಯೊಳಗೆ ಓಡಿಸಿ ಮುಗಿಸಬೇಕು. 60 ವಯಲ್‌ಗಳನ್ನು ಒಟ್ಟಿಗೆ ತಯಾರಿಸಿ ಟ್ರೇಯಲ್ಲಿ ಕೂರಿಸಿದರೆ ಕೊನೆಯವು ಎರಡನೇ ದಿನಕ್ಕೆ ಹೋಗುತ್ತವೆ, ಅಮೈನೋ ಆಮ್ಲಗಳ ಪೀಕ್ (ಗ್ರಾಫಿನ ಶಿಖರ) ಅಷ್ಟರಲ್ಲಿ ಬದಲಾಗಿರುತ್ತದೆ. ರೋಬಾಟ್ ಆಟೋಸ್ಯಾಂಪ್ಲರ್ ಒಂದೊಂದೇ ವಯಲ್‌ಗೆ ಸರದಿಯಂತೆ ರಿಯೇಜೆಂಟ್ ಹಾಕುವ ಸೌಲಭ್ಯವಿದ್ದರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಈ ರಸಾಯನದ ಶತ್ರು ತೇವ. ಲೆಕ್ಕ ಹಾಕಿ ನೋಡಿ. 70 ಮೈಕ್ರೋಲೀಟರ್ ಎಂಎಸ್‌ಟಿಎಫ್‌ಎಯಲ್ಲಿ ಇರುವುದು ಸುಮಾರು 375 ಮೈಕ್ರೋಮೋಲ್. ವಯಲ್‌ನಲ್ಲಿ ಒಂದೇ ಒಂದು ಮೈಕ್ರೋಲೀಟರ್ ನೀರು ಉಳಿದಿದ್ದರೆ ಅದು 55 ಮೈಕ್ರೋಮೋಲ್. ಪ್ರತಿ ನೀರಿನ ಅಣು ಎರಡು ರಿಯೇಜೆಂಟ್ ಅಣುಗಳನ್ನು ತಿನ್ನುವುದರಿಂದ ಸುಮಾರು ಮೂರನೇ ಒಂದು ಭಾಗ ಅಲ್ಲೇ ಖರ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ತೆರೆದ ಕೋಣೆಯಲ್ಲಿ ತಯಾರಿ ಮಾಡಿದ ಬ್ಯಾಚಿನಲ್ಲಿ ಒಂದೇ ಅಮೈನೋ ಆಮ್ಲ ಎರಡೆರಡು ಪೀಕ್ ಕೊಡುವುದಕ್ಕೆ ಇದೇ ಕಾರಣ: ಒಂದು ಪೂರ್ತಿ ಟಿಎಂಎಸ್ ಆದದ್ದು, ಇನ್ನೊಂದು ಅರ್ಧ ಆದದ್ದು. ಮೆಥಾಕ್ಸಿಅಮೈನ್ ಬಾಟಲಿಯನ್ನೂ ಡೆಸಿಕೇಟರ್‌ನಲ್ಲೇ ಇಡಬೇಕು. ಲ್ಯಾಬಿನವರು ತಯಾರಿಯನ್ನು ಡಿಹ್ಯೂಮಿಡಿಫೈಯರ್ ಇರುವ ಕೋಣೆಯಲ್ಲಿ ಮಾಡುತ್ತಾರೆಯೇ ಎಂದು ಕೇಳಿಕೊಳ್ಳಿ.

ಬೆಲ್ಲದವರಿಗೆ ಬೇರೆಯೇ ತೊಂದರೆ. ಬೆಲ್ಲದ ಬಹುಪಾಲು ಸುಕ್ರೋಸ್, ಒಂದು ಸುಕ್ರೋಸ್ ಅಣುವಿನಲ್ಲಿ 8 ಹೈಡ್ರಾಕ್ಸಿಲ್. 10 ಮಿ.ಗ್ರಾಂ ಸುಕ್ರೋಸ್ ಹಾಕಿದರೆ ಅದಕ್ಕೇ 230 ಮೈಕ್ರೋಮೋಲ್‌ಗೂ ಹೆಚ್ಚು ರಿಯೇಜೆಂಟ್ ಬೇಕು; ಉಳಿದವುಗಳಿಗೆ ಮಿಗುವುದು ಅರ್ಧಕ್ಕಿಂತ ಕಡಿಮೆ. 1 ಮಿ.ಗ್ರಾಂ ಮೀರಬೇಡಿ. ಅಷ್ಟು ಮಾಡಿದರೂ ಸುಕ್ರೋಸ್ ಪೀಕ್ ಡಿಟೆಕ್ಟರನ್ನು ಮುಳುಗಿಸುತ್ತದೆ, ಇಂಜೆಕ್ಷನ್ ಜಾಗದ ಗಾಜಿನ ಲೈನರ್‌ನಲ್ಲಿ ಕಪ್ಪು ಕೂರಿಸುತ್ತದೆ. ಎರಡು ಇಂಜೆಕ್ಷನ್ ಬರೆಸಿಕೊಳ್ಳುವುದು ಒಳ್ಳೆಯದು. ಒಂದು 1:100 ಸ್ಪ್ಲಿಟ್‌ನಲ್ಲಿ (ಬಹುಪಾಲನ್ನು ಹೊರಬಿಟ್ಟು), ಸಕ್ಕರೆಗಳ ಅಳತೆಗೆ. ಇನ್ನೊಂದು ಸ್ಪ್ಲಿಟ್‌ಲೆಸ್ (ಹೊರಬಿಡದೆ), ಸಣ್ಣ ಆಮ್ಲ ಮತ್ತು ಅಮೈನೋ ಆಮ್ಲಗಳಿಗೆ. ಇದರಲ್ಲಿ ಸುಕ್ರೋಸ್ ಬರುವ ಒಂದೆರಡು ನಿಮಿಷ ಅಯಾನು ಮಾಡುವ ಫಿಲಮೆಂಟ್ ಆಫ್ ಇರುವಂತೆ ಮೆಥಡ್‌ನಲ್ಲೇ ಸಮಯ ಹಾಕಿಸಿ. ‘ಆಗುವುದಿಲ್ಲ’ ಎನ್ನುವ ಆಪರೇಟರ್‌ಗೆ ಸಾಫ್ಟ್‌ವೇರಿನಲ್ಲಿ ಆ ಸೌಲಭ್ಯ ಇದೆ ಎಂದು ವಿನಯದಿಂದಲೇ ಹೇಳಿ. ಗ್ಲೂಕೋಸ್, ಫ್ರಕ್ಟೋಸ್ ಎರಡೆರಡು ಪೀಕ್ ಕೊಟ್ಟರೆ ಗಾಬರಿ ಬೇಡ. ಮೆಥಾಕ್ಸಿಮ್‌ಗೆ ಎರಡು ರೂಪ ಇರುವುದರಿಂದ ಹಾಗೆ ಬರಲೇಬೇಕು, ಎರಡನ್ನೂ ಕೂಡಿಸಿಕೊಳ್ಳಿ.

ಈ ಯಂತ್ರದ ವರದಿಯಲ್ಲಿ ಕಣ್ಣುಮುಚ್ಚಿ ನಂಬಬಾರದ ಎರಡು ಹೆಸರುಗಳಿವೆ. ಗ್ಲುಟಮಿನ್ ಬಿಸಿಯಲ್ಲಿ ಪೈರೊಗ್ಲುಟಾಮಿಕ್ ಆಮ್ಲವಾಗುತ್ತದೆ, ಅರ್ಜಿನಿನ್ ಸಿಲೈಲೇಷನ್‌ನಲ್ಲಿ ಆರ್ನಿಥಿನ್ ಆಗುತ್ತದೆ. ‘ಬರಗಾಲದಲ್ಲಿ ಆರ್ನಿಥಿನ್ ಹೆಚ್ಚಿತು’ ಎಂದು ಪ್ರಬಂಧ ಬರೆಯುವ ಮುನ್ನ ಅರ್ಜಿನಿನ್ ಅನ್ನು ಎಲ್‌ಸಿಯಲ್ಲಿ ನೋಡಿಕೊಳ್ಳಿ. ಕ್ರೊಮ್ಯಾಟೊಗ್ರಾಮ್‌ನಲ್ಲಿ 207, 281 ದ್ರವ್ಯರಾಶಿಯ ಅಯಾನುಗಳ ಪೀಕ್‌ಗಳು ಸಮ ಅಂತರದಲ್ಲಿ ಸಾಲಾಗಿ ನಿಂತಿದ್ದರೆ ಅವು ನಿಮ್ಮ ಗಿಡದವಲ್ಲ, ಸೆಪ್ಟಂ ಅಥವಾ ಕಾಲಂನ ಸಿಲಾಕ್ಸೇನ್. ಟ್ಯೂನ್ ವರದಿಯನ್ನೂ ಕೇಳಿ ಪಡೆಯಿರಿ: ಟ್ಯೂನ್ ವಸ್ತುವಿನ 69ರ ಪೀಕ್ ಎತ್ತರಕ್ಕೆ ಹೋಲಿಸಿದರೆ 28 (ಸಾರಜನಕ) ಶೇ. 10ರೊಳಗೆ, 18 (ನೀರು) ಶೇ. 20ರೊಳಗೆ ಇರಬೇಕು. 28 ಮತ್ತು 32 (ಆಮ್ಲಜನಕ) ಎರಡೂ ಏರಿದ್ದರೆ ಎಲ್ಲೋ ಗಾಳಿ ಒಳಬರುತ್ತಿದೆ. ಹೆಚ್ಚಾಗಿ ಕಾಲಂ ಬದಲಾಯಿಸಿದ ಮೇಲೆ ಟ್ರಾನ್ಸ್‌ಫರ್ ಲೈನಿನ ನಟ್ ಸಡಿಲವಾಗಿರುತ್ತದೆ. ನಟ್‌ನೊಳಗಿನ ಹೊಸ ಫೆರುಲ್ (ಬಿಗಿ ಮಾಡುವ ಉಂಗುರ) ಕೆಲವು ಬಿಸಿ–ತಂಪು ಸುತ್ತುಗಳ ನಂತರ ಕುಗ್ಗುವುದರಿಂದ ಮತ್ತೊಮ್ಮೆ ಬಿಗಿ ಮಾಡಲೇಬೇಕು.

ರಸಬಾಳೆ ಮತ್ತು ಮಲ್ಲಿಗೆಯ ಪರಿಮಳಕ್ಕೆ ಅದೇ ಜಿಸಿ-ಎಂಎಸ್‌ಗೆ ಎಸ್‌ಪಿಎಂಇ ಫೈಬರ್ (ಆವಿಯನ್ನು ಹೀರುವ ಲೇಪನದ ಎಳೆ) ಜೋಡಿಸಿ. ಡಿರೈವಟೈಸೇಷನ್ ಏನೂ ಬೇಡ. ಎಲ್ಲ ಹಣ್ಣೂ ಒಂದೇ ಮಾಗಿದ ಹದದಲ್ಲಿರಬೇಕು. ಒಂದು ದಿನದ ಅಂತರ ತಳಿಯ ಅಂತರಕ್ಕಿಂತ ದೊಡ್ಡದಾಗಿ ಕಾಣಬಹುದು. 2 ಗ್ರಾಂ ತಿರುಳನ್ನು ಸ್ಯಾಚುರೇಟೆಡ್ ಉಪ್ಪುನೀರಿನ ಜೊತೆ 20 ಮಿ.ಲೀ. ವಯಲ್‌ಗೆ ಹಾಕಿ, 40 ಡಿಗ್ರಿಯಲ್ಲಿ ಡಿವಿಬಿ–ಕಾರ್ಬಾಕ್ಸೆನ್–ಪಿಡಿಎಂಎಸ್ ಫೈಬರನ್ನು 30 ನಿಮಿಷ ಒಡ್ಡಿ, 250 ಡಿಗ್ರಿಯಲ್ಲಿ ಬಿಡಿಸಿದರೆ ಐಸೊಅಮೈಲ್ ಅಸಿಟೇಟ್ ಮೊದಲುಗೊಂಡು ಬಾಳೆಯ ಎಸ್ಟರ್‌ಗಳ ಸಾಲೇ ಬರುತ್ತದೆ. ಮಲ್ಲಿಗೆಗಾದರೆ ಬೆಂಜೈಲ್ ಅಸಿಟೇಟ್, ಲಿನಲೂಲ್ ಎದ್ದು ಕಾಣುತ್ತವೆ. ಫೈಬರ್ ಕೋಣೆಯ ಗಾಳಿಯಲ್ಲಿರುವುದನ್ನೂ ಹೀರಿಕೊಳ್ಳುತ್ತದೆ ಎಂಬುದು ನೆನಪಿರಲಿ. ಆಯುಧಪೂಜೆಯಲ್ಲಿ ಯಂತ್ರಗಳಿಗೆ ಪೂಜೆ ಮಾಡುವ ಕೋಣೆಯಲ್ಲಿ ಕರ್ಪೂರ, ಊದುಬತ್ತಿಯ ಆವಿ ಉಳಿದಿರುತ್ತದೆ. ಹಬ್ಬ ಮುಗಿದ ಮೇಲೆ ಫೈಬರನ್ನು 270 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಖಾಲಿ ವಯಲ್ ಒಂದನ್ನು ಓಡಿಸಿ, ಕರ್ಪೂರದ 95 ಮತ್ತು 152 ಅಯಾನುಗಳು ಇಲ್ಲವೆಂದು ಖಾತ್ರಿಯಾದ ನಂತರವೇ ಸ್ಯಾಂಪಲ್ ಹಾಕಿಸಿ.

ಈಗ ಹೈ ರೆಸಲ್ಯೂಷನ್ ಎಲ್‌ಸಿ-ಎಂಎಸ್, ಅಂದರೆ ಕ್ಯೂ-ಟಾಫ್ ಅಥವಾ ಆರ್ಬಿಟ್ರ್ಯಾಪ್ ಬಗ್ಗೆ. ಶಕ್ತಿಯಲ್ಲಿ ಇದಕ್ಕೆ ಸಾಟಿ ಬೇರೆ ಇಲ್ಲ. 300ರ ಅಣುವನ್ನು 5 ಪಿಪಿಎಂ (ಹತ್ತು ಲಕ್ಷಕ್ಕೆ 5) ನಿಖರತೆಯಲ್ಲಿ ಅಳೆಯುವುದೆಂದರೆ ತಪ್ಪು 0.0015ರೊಳಗೆ. ಫ್ಲೇವೊನಾಯ್ಡ್, ಆಲ್ಕಲಾಯ್ಡ್, ಲಿಪಿಡ್‌ಗಳಿಗೆ ಇದೇ ಬೇಕು. ಆದರೆ ರನ್ ಮುಗಿದಾಗ ನಿಮ್ಮ ಕೈಗೆ ಬರುವುದು ಸಾವಿರಾರು ‘ಫೀಚರ್’ಗಳ (ಒಂದು ದ್ರವ್ಯರಾಶಿ, ಒಂದು ಸಮಯದ ಸಿಗ್ನಲ್) ಪಟ್ಟಿ, ಮೆಟಬೊಲೈಟ್‌ಗಳ ಪಟ್ಟಿಯಲ್ಲ. ಬೆಲ್ಲದ ಸುಕ್ರೋಸ್ ಒಂದೇ 365.105ರಲ್ಲಿ ಸೋಡಿಯಂ ಜೊತೆ, 381.079ರಲ್ಲಿ ಪೊಟ್ಯಾಸಿಯಂ ಜೊತೆ, ಐಸೊಟೋಪ್‌ಗಳಾಗಿ, ಜೋಡಿಗಳಾಗಿ, ಒಡೆದ ಚೂರುಗಳಾಗಿ ಹತ್ತಾರು ಸಾಲು ತುಂಬುತ್ತದೆ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ 180.0634, ನಿಖರತೆ ಎಷ್ಟೇ ಇದ್ದರೂ ದ್ರವ್ಯರಾಶಿಯಿಂದ ಅವನ್ನು ಬೇರೆ ಮಾಡಲಾಗದು. ಡೇಟಾಬೇಸಿನಲ್ಲಿ ಹುಡುಕಿ ಸಿಕ್ಕ ಹೆಸರನ್ನು ಹಾಗೆಯೇ ಟೇಬಲ್‌ಗೆ ಹಾಕಿದ ವರದಿ ಕೊಡುವ ಲ್ಯಾಬುಗಳಿಗೆ ನಾವು ಅಂಕ ಕಡಿಮೆ ಕೊಡುತ್ತೇವೆ. 2007ರಲ್ಲಿ ಮೆಟಬೊಲೋಮಿಕ್ಸ್ ಸ್ಟ್ಯಾಂಡರ್ಡ್ಸ್ ಇನಿಷಿಯೇಟಿವ್ ಹೇಳಿದ, ಗುರುತು ಎಷ್ಟು ಖಚಿತ ಎಂಬುದರ ನಾಲ್ಕು ಹಂತಗಳಲ್ಲಿ ಪ್ರತಿ ಹೆಸರು ಯಾವ ಹಂತದ್ದು ಎಂದು ವರದಿಯಲ್ಲಿ ಇರಬೇಕು. ಒಂದನೇ ಹಂತ ಎನ್ನಬೇಕಾದರೆ ಅಸಲಿ ಸ್ಟ್ಯಾಂಡರ್ಡನ್ನು ಅದೇ ಯಂತ್ರದಲ್ಲಿ ಓಡಿಸಿ ಕನಿಷ್ಠ ಎರಡು ಸ್ವತಂತ್ರ ಗುಣ ತಾಳೆಯಾಗಿರಬೇಕು.

ಕಾಲಂ ಆಯ್ಕೆಯಲ್ಲಿ ಹಂಚಿಕೆ ಲ್ಯಾಬುಗಳು ಸೋಮಾರಿಯಾಗುವುದು ಸಹಜ. ಸಿ18 (ಎಣ್ಣೆಯ ಗುಣದ ವಸ್ತುಗಳನ್ನು ಹಿಡಿಯುವ ಕಾಲಂ) ಹಾಕಿ ಬಿಟ್ಟರೆ ಎಲ್ಲರಿಗೂ ನಡೆಯುತ್ತದೆ ಎಂಬ ಲೆಕ್ಕ. ಹಿಪ್ಪುನೇರಳೆಯವರಿಗೆ ಅದು ನಡೆಯುವುದಿಲ್ಲ. ಸೊಪ್ಪಿನ ಮುಖ್ಯ ವಸ್ತು 1-ಡಿಆಕ್ಸಿನೊಜಿರಿಮೈಸಿನ್ ನೀರಿನಲ್ಲಿ ಸಲೀಸಾಗಿ ಕರಗುವಂಥದ್ದು, ಸಿ18ನಲ್ಲಿ ನಿಲ್ಲದೆ ಮೊದಲ ನಿಮಿಷದಲ್ಲೇ ಉಪ್ಪು ಸಕ್ಕರೆಗಳ ಜೊತೆ ಹೊರಬಿದ್ದು ಸಿಗ್ನಲ್ ಅಡಗುತ್ತದೆ. ನೀರಿನಲ್ಲಿ ಕರಗುವಂಥವನ್ನು ಹಿಡಿಯುವ ಹಿಲಿಕ್ ಕಾಲಂ ಕೇಳಿ. ಆಗ ಸ್ಯಾಂಪಲನ್ನು ಹೆಚ್ಚು ಅಸಿಟೋನೈಟ್ರೈಲ್‌ನಲ್ಲೇ ಕರಗಿಸಬೇಕು. ಬರೀ ನೀರಿನಲ್ಲಿ ಕರಗಿಸಿ ಕೊಟ್ಟರೆ ಪೀಕ್ ಗುಡ್ಡದಂತೆ ಹರಡುತ್ತದೆ. ಎರಡು ರನ್‌ಗಳ ನಡುವೆ ಕಾಲಂ ಸಮಸ್ಥಿತಿಗೆ ಬರಲು ಸಿ18ಗಿಂತ ಹೆಚ್ಚು ಸಮಯ ಬೇಕಾಗುತ್ತದೆ. ಅದನ್ನು ಕಡಿತ ಮಾಡಿದ ಬ್ಯಾಚಿನಲ್ಲಿ ರಿಟೆನ್ಷನ್ ಟೈಮ್ ರನ್‌ನಿಂದ ರನ್‌ಗೆ ಜಾರುತ್ತದೆ.

ನೀವು ಕೊಡುವ ವಯಲ್‌ನಿಂದಲೂ ಯಂತ್ರ ಹಾಳಾಗುತ್ತದೆ. ಫಾಸ್ಫೇಟ್ ಬಫರ್, ಅಥವಾ ಟ್ವೀನ್, ಟ್ರೈಟಾನ್‌ನಂಥ ಡಿಟರ್ಜೆಂಟ್ ಇರುವ ಸ್ಯಾಂಪಲನ್ನು ಎಲ್‌ಸಿ-ಎಂಎಸ್‌ಗೆ ಕೊಡಲೇಬಾರದು. ಆವಿಯಾಗದ ಉಪ್ಪು ಸೋರ್ಸ್‌ನಲ್ಲಿ (ಅಯಾನು ಹುಟ್ಟುವ ಜಾಗ) ಬಿಳಿ ಪದರವಾಗಿ ಕೂರುತ್ತದೆ, ಡಿಟರ್ಜೆಂಟ್ 44 ಅಂತರದ ಪೀಕ್‌ಗಳ ಏಣಿಯಾಗಿ ಮುಂದಿನವರ ಡೇಟಾದಲ್ಲೂ ಉಳಿಯುತ್ತದೆ. ಸಾಬೂನು ಹಾಕಿ ತೊಳೆದ ಗಾಜನ್ನು ಕೊನೆಗೆ ಎಲ್‌ಸಿ-ಎಂಎಸ್ ದರ್ಜೆಯ ಮೆಥನಾಲ್‌ನಿಂದ ಜಾಲಿಸಿ. ಕ್ಲೋರೊಫಾರ್ಮ್ ಹಂತವನ್ನು ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಬೇಡಿ, 391.28ರ ಥ್ಯಾಲೇಟ್, 338.34ರ ಎರುಕಮೈಡ್, 282.28ರ ಒಲಿಯಮೈಡ್ ಬಂದು ‘ಹೊಸ ಲಿಪಿಡ್’ ಎಂದು ಆಸೆ ಹುಟ್ಟಿಸುತ್ತವೆ. ಹೊರತೆಗೆಯುವ ಎಲ್ಲ ಹಂತಗಳನ್ನೂ ಎಲೆಯಿಲ್ಲದೆ ಮಾಡಿದ ಬ್ಲ್ಯಾಂಕ್ ಇಲ್ಲದಿದ್ದರೆ ಇದು ಗೊತ್ತೇ ಆಗುವುದಿಲ್ಲ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿಯೇ ಕೊಡಿ, ಮೊದಲ ಕೆಲವು ಹನಿ ಚೆಲ್ಲಿ.

ಟಾಫ್ ಯಂತ್ರದ ದೌರ್ಬಲ್ಯ ಶಾಖದ ಏರಿಳಿತ. ಎಸಿ ಕೈಕೊಟ್ಟ ಮಧ್ಯಾಹ್ನ ಕ್ಯಾಲಿಬ್ರೇಷನ್ ಜಾರುತ್ತದೆ. ದ್ರವ್ಯರಾಶಿ ಗೊತ್ತಿರುವ ರೆಫರೆನ್ಸ್ ಅಯಾನನ್ನು ರನ್ ಉದ್ದಕ್ಕೂ ಬಿಡುವ ಯಂತ್ರದಲ್ಲಿ ಇದು ತಾನಾಗಿ ಸರಿಯಾಗುತ್ತದೆ. ಆ ಅಯಾನನ್ನು ಬಿಡುವ ಸ್ಪ್ರೇಯರ್ ಕಟ್ಟಿಕೊಂಡಿದ್ದರೆ ಆಗುವುದಿಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಕರೆಂಟು ಹೋಗಿ ಯುಪಿಎಸ್ ಮುಗಿದು ಯಂತ್ರ ವೆಂಟ್ ಆಯಿತೆಂದರೆ (ಒಳಗೆ ಗಾಳಿ ತುಂಬಿತೆಂದರೆ) ನಿರ್ವಾತ ಮತ್ತೆ ಸರಿಹೋಗಲು ಒಂದೆರಡು ದಿನ ಬೇಕು. ಅದನ್ನು ಕಾಯದೆ ಮಾರನೇ ಬೆಳಿಗ್ಗೆಯೇ ಬ್ಯಾಚ್ ಮುಂದುವರಿಸುವುದು ಬೇಡ. ಜನರೇಟರ್ ಯುಪಿಎಸ್‌ಗೆ ತಾನೇ ಸೇರಿಕೊಳ್ಳುವ ವ್ಯವಸ್ಥೆ ಇದೆಯೇ ಎಂಬುದು ಈ ಯಂತ್ರ ಆರಿಸುವಾಗ ರೆಸಲ್ಯೂಷನ್ ಅಂಕಿಯಷ್ಟೇ ಮುಖ್ಯ.

ಆರಿಸಿದ ಕೆಲವೇ ಅಣುಗಳನ್ನು ಅಳೆಯುವ ಟ್ರಿಪಲ್ ಕ್ವಾಡ್ರುಪೋಲ್‌ಗೆ ನಮ್ಮಿಂದ ಪೂರ್ತಿ ಮೆಚ್ಚುಗೆ, ಒಂದು ಷರತ್ತಿನ ಮೇಲೆ: ಏನು ಅಳೆಯಬೇಕೆಂದು ನಿಮಗೆ ಗೊತ್ತಿರಬೇಕು. ರಾಗಿ, ಭತ್ತದ ಬರ ಸಹಿಷ್ಣುತೆಯ ಕೆಲಸದಲ್ಲಿ ಅಬ್ಸಿಸಿಕ್ ಆಮ್ಲವನ್ನು ನೆಗೆಟಿವ್ ಮೋಡ್‌ನಲ್ಲಿ (ಋಣ ಅಯಾನುಗಳಾಗಿ) 263ರಿಂದ 153ಕ್ಕೆ (ಇಡೀ ಅಯಾನಿನಿಂದ ಒಡೆದ ಚೂರಿಗೆ), ಸ್ಯಾಲಿಸಿಲಿಕ್ ಆಮ್ಲವನ್ನು 137ರಿಂದ 93ಕ್ಕೆ, ಜಾಸ್ಮೋನಿಕ್ ಆಮ್ಲವನ್ನು 209ರಿಂದ 59ಕ್ಕೆ ನೋಡಿದರೆ ಗ್ರಾಂ ಎಲೆಗೆ ನ್ಯಾನೊಗ್ರಾಂ ಲೆಕ್ಕದಲ್ಲಿ ಅಂಕಿ ಸಿಗುತ್ತದೆ. ಡ್ಯುಟೀರಿಯಂ ಅಥವಾ ಕಾರ್ಬನ್-13 ಹಾಕಿದ ಆಂತರಿಕ ಸ್ಟ್ಯಾಂಡರ್ಡ್‌ಗೆ ಖರ್ಚಾಗುತ್ತದೆ ಎಂದು ಹಿಂಜರಿಯಬೇಡಿ. ಎಲೆಯ ರಸ ಅಯಾನೀಕರಣವನ್ನು ಅರ್ಧಕ್ಕೆ ಇಳಿಸಿದರೂ ಸ್ಟ್ಯಾಂಡರ್ಡ್ ಅದರ ಜೊತೆಗೇ ಇಳಿಯುವುದರಿಂದ ಅನುಪಾತ ಉಳಿಯುತ್ತದೆ. ಶುದ್ಧ ದ್ರಾವಕದಲ್ಲಿ ಮಾಡಿದ ಕ್ಯಾಲಿಬ್ರೇಷನ್ ಗೆರೆಯಿಂದ ಎಲೆಯ ಅಂಕಿ ತೆಗೆದ ವರದಿ ಬಂದರೆ ವಾಪಸ್ ಕಳಿಸಿ.

ಎನ್‌ಎಂಆರ್ (ಬಲವಾದ ಕಾಂತದಲ್ಲಿ ಪ್ರೋಟಾನ್‌ಗಳ ಸಿಗ್ನಲ್ ಅಳೆಯುವ ಯಂತ್ರ) ಬಗ್ಗೆ ಜನರಲ್ಲಿ ಇರುವ ದೂರು, ಸೂಕ್ಷ್ಮತೆ ಸಾಲದು ಎಂದು. ನಿಜವೇ, ಮೈಕ್ರೋಮೋಲಾರ್‌ಗಿಂತ ಕೆಳಗೆ ಇದು ಇಳಿಯುವುದಿಲ್ಲ. ಬೆಲ್ಲಕ್ಕೆ ಮಾತ್ರ ಇದು ಹೇಳಿ ಮಾಡಿಸಿದ ಯಂತ್ರ. ಡಿರೈವಟೈಸೇಷನ್ ಇಲ್ಲ, ಕಾಲಂ ಇಲ್ಲ, ಸ್ಯಾಂಪಲ್ ಹಾಳಾಗುವುದಿಲ್ಲ. ಸ್ಪೆಕ್ಟ್ರಮ್‌ನ ಪಿಪಿಎಂ ಅಳತೆಯ 5.40ರಲ್ಲಿ ಸುಕ್ರೋಸ್, 5.22 ಮತ್ತು 4.64ರಲ್ಲಿ ಗ್ಲೂಕೋಸ್‌ನ ಎರಡು ರೂಪಗಳು ಸ್ಪಷ್ಟವಾಗಿ ಬೇರೆ ನಿಲ್ಲುತ್ತವೆ. ಸುಕ್ರೋಸ್ ಎಷ್ಟು ಒಡೆದಿದೆ ಎಂಬುದು, ಅಂದರೆ ಹಳೆಯ ಕಬ್ಬು ಅರೆದರೋ, ಕಬ್ಬಿನ ಹಾಲು ಹೆಚ್ಚು ಹೊತ್ತು ಇಟ್ಟರೋ ಎಂಬುದರ ಸುಳಿವು, ಹತ್ತು ನಿಮಿಷದಲ್ಲಿ ಸಿಗುತ್ತದೆ. ಭಾರಜಲದಲ್ಲಿ ಮಾಡಿದ 100 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಪಿಎಚ್ 7, ಸೊನ್ನೆ ಗುರುತಿಗೆ ಟಿಎಸ್‌ಪಿ ರೆಫರೆನ್ಸ್, 5 ಮಿ.ಮೀ. ಟ್ಯೂಬಿನಲ್ಲಿ 0.6 ಮಿ.ಲೀ. ಅಷ್ಟೇ. ಬಫರ್ ಬೇಡ ಎಂದು ಉಳಿಸಿದರೆ ಸಿಟ್ರೇಟ್‌ನಂಥ ಆಮ್ಲಗಳ ಪೀಕ್ ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಸರಿಯುತ್ತದೆ. ಆಲೆಮನೆಯ ಕಬ್ಬಿಣದ ಕೊಪ್ಪರಿಗೆಯಲ್ಲಿ ಕುದಿದ ಬೆಲ್ಲದಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಪೀಕ್‌ಗಳು ಅಗಲವಾಗುತ್ತವೆ. ಕೀಲೇಟಿಂಗ್ ರಾಳದಲ್ಲಿ ಹಾಯಿಸಿ ಕೊಡಿ. ಅಳತೆಯ ಕೆಲಸವಾದರೆ ರಿಲ್ಯಾಕ್ಸೇಷನ್ ಡಿಲೇ (ಎರಡು ಅಳತೆಗಳ ನಡುವೆ ಕಾಯುವ ಸಮಯ) ಉದ್ದ ಇಡಿಸಿ, ಇಲ್ಲದಿದ್ದರೆ ನಿಧಾನವಾಗಿ ಚೇತರಿಸುವ ಪ್ರೋಟಾನ್‌ಗಳ ಅಂಕಿ ಕಡಿಮೆ ಬರುತ್ತದೆ. ಪೇಸ್‌ಮೇಕರ್ ಇರುವವರು ಆ ಕೋಣೆಯೊಳಗೆ ಹೋಗಬಾರದು. ಬೆಲ್ಲ ಬೆಳ್ಳಗಾಗಲು ಹಾಕುವ ಹೈಡ್ರೋಸ್‌ನ ಗಂಧಕದ ಶೇಷ ತಿಳಿಯಬೇಕಿದ್ದರೆ ಇಲ್ಲಿನ ಯಾವ ಯಂತ್ರಕ್ಕೂ ದುಡ್ಡು ಕೊಡಬೇಡಿ. ಅದು ಸಾಮಾನ್ಯ ಆಹಾರ ಪರೀಕ್ಷಾ ಲ್ಯಾಬಿನ ಟೈಟ್ರೇಷನ್ ಅಥವಾ ಅಯಾನ್ ಕ್ರೊಮ್ಯಾಟೊಗ್ರಫಿ ಕೆಲಸ.

ಮೂಲೆಯಲ್ಲಿರುವ ಎಚ್‌ಪಿಎಲ್‌ಸಿ-ಡಿಎಡಿಯನ್ನು (ಎಂಎಸ್ ಬದಲು ಬೆಳಕಿನ ಹೀರಿಕೆ ಅಳೆಯುವ ಎಲ್‌ಸಿ) ಕಡೆಗಣಿಸಬೇಡಿ. ರಾಗಿಯ ಫೆರುಲಿಕ್ ಆಮ್ಲಕ್ಕೆ 320 ನ್ಯಾನೊಮೀಟರ್‌ನಲ್ಲಿ ಅದೇ ಸಾಕು. ಅದರ ದೊಡ್ಡ ಪಾಲು ಹೊಟ್ಟಿನ ಕೋಶಭಿತ್ತಿಗೆ ಅಂಟಿಕೊಂಡಿರುವುದರಿಂದ ಮೊದಲು 2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಬಿಡಿಸಿ, ಪಿಎಚ್ 2ಕ್ಕೆ ಇಳಿಸಿ, ಈಥೈಲ್ ಅಸಿಟೇಟ್‌ಗೆ ಎಳೆದುಕೊಳ್ಳಬೇಕು. ಬರೀ ಮೆಥನಾಲ್ ಸಾರ ಕೊಟ್ಟು ‘ರಾಗಿಯಲ್ಲಿ ಫೆರುಲಿಕ್ ಕಡಿಮೆ’ ಎನ್ನುವುದು ತಪ್ಪು.

ಬಿಲ್ಲು ನೋಡಿ ಬೆಚ್ಚುವುದು ಸ್ಯಾಂಪಲ್ ಎಣಿಸಿ ರನ್ ಎಣಿಸದ್ದರಿಂದ. 40 ಸ್ಯಾಂಪಲ್ ಇದ್ದರೆ ಪ್ರತಿ 5ಕ್ಕೊಂದರಂತೆ 8 ಪೂಲ್ಡ್ ಕ್ಯೂಸಿ (ಎಲ್ಲ ಸ್ಯಾಂಪಲ್‌ಗಳಿಂದ ಸ್ವಲ್ಪ ಸ್ವಲ್ಪ ಬೆರೆಸಿದ್ದು), ಕಾಲಂ ಹದಕ್ಕೆ ಬರಲು ಮೊದಲಿಗೆ 6 ಕ್ಯೂಸಿ, 3 ಬ್ಲ್ಯಾಂಕ್, ಒಟ್ಟು 57. ಪಾಸಿಟಿವ್, ನೆಗೆಟಿವ್ ಎರಡೂ ಸೇರಿ 114. ಒಂದಕ್ಕೆ 20 ನಿಮಿಷವೆಂದರೆ 38 ಗಂಟೆ. ಗಂಟೆ ಲೆಕ್ಕದ ದರವೋ, ಸ್ಯಾಂಪಲ್ ಲೆಕ್ಕದ್ದೋ, ಕ್ಯೂಸಿಗೂ ದುಡ್ಡು ಹಾಕುತ್ತಾರೋ, ಜಿಎಸ್‌ಟಿ ಸೇರಿದೆಯೋ ಎಂದು ಬರವಣಿಗೆಯಲ್ಲಿ ಪಡೆಯಿರಿ. ದುಡ್ಡು ಉಳಿಸಲು ಕ್ಯೂಸಿ ತೆಗೆಸುವ ಬದಲು ಸ್ಯಾಂಪಲ್ ಗುಂಪುಗಳನ್ನು ಕಡಿಮೆ ಮಾಡಿ. ಪ್ರತಿ ಗುಂಪಿಗೆ 6 ಬೇರೆಬೇರೆ ಗಿಡಗಳು ಇರಲಿ, ಒಂದೇ ಗಿಡದ ಆರು ವಯಲ್ ಲೆಕ್ಕಕ್ಕಿಲ್ಲ. ಓಡಿಸುವ ಕ್ರಮ ಚೀಟಿ ಎತ್ತಿದಂತೆ ಕಲಸಿರಬೇಕು: ಮೊದಲು ಕಂಟ್ರೋಲ್ ಎಲ್ಲ, ಆಮೇಲೆ ಬರದ ಗಿಡಗಳೆಲ್ಲ ಎಂದು ಹಾಕಿದರೆ ಸೋರ್ಸ್ ಕೊಳೆಯಾದದ್ದೇ ಬರದ ಪರಿಣಾಮವಾಗಿ ಕಾಣುತ್ತದೆ. ಕ್ಯೂಸಿಗಳಲ್ಲಿ ಆರ್‌ಎಸ್‌ಡಿ ಶೇ. 30 ದಾಟಿದ ಫೀಚರ್‌ಗಳನ್ನು ಲೆಕ್ಕಕ್ಕೆ ಮುಂಚೆಯೇ ಕೈಬಿಡಿ. ದಸರಾ ವಾರಗಳಲ್ಲಿ ರಜೆ, ರಸ್ತೆ ಬಂದ್, ಡ್ರೈ ಐಸ್ ಪೂರೈಕೆ ಮೂರೂ ಕಷ್ಟವಾಗುವುದರಿಂದ ಆಗ ಹೊಸ ಬ್ಯಾಚ್ ಶುರುಮಾಡಬೇಡಿ.

ಕೊನೆಗೆ ಡೇಟಾ. ಪಿಡಿಎಫ್ ವರದಿ, ಎಕ್ಸೆಲ್ ಪಟ್ಟಿ ಇವೆರಡೇ ಕೊಟ್ಟು ಕಳಿಸಿದರೆ ಅದು ಪೂರ್ತಿ ಸೇವೆಯಲ್ಲ. ಬ್ಲ್ಯಾಂಕ್, ಕ್ಯೂಸಿ ಸೇರಿ ಎಲ್ಲ ರನ್‌ಗಳ ರಾ ಫೈಲ್, ಮೆಥಡ್ ಫೈಲ್, ಟ್ಯೂನ್ ವರದಿ, ಓಡಿಸಿದ ಕ್ರಮದ ಪಟ್ಟಿ, ಇಷ್ಟನ್ನೂ ಕೇಳಿ. ಕ್ಯೂ-ಟಾಫ್ ಫೈಲ್‌ಗಳು ದೊಡ್ಡವು, ಒಂದು ಟಿಬಿಯ ಹಾರ್ಡ್ ಡಿಸ್ಕ್ ಒಯ್ಯಿರಿ. ಎಂಎಸ್‌ಕನ್ವರ್ಟ್ ಸಾಫ್ಟ್‌ವೇರಿನಲ್ಲಿ ಎಂಝಡ್‌ಎಂಎಲ್ ಎಂಬ ಮುಕ್ತ ಫೈಲ್ ರೂಪಕ್ಕೆ ಬದಲಾಯಿಸುವಾಗ ಪೀಕ್ ಪಿಕಿಂಗ್ ಫಿಲ್ಟರ್ ಎಲ್ಲಕ್ಕಿಂತ ಮೊದಲು ಬರಬೇಕು. ನಂತರ ಎಂಎಸ್-ಡಯಲ್, ಎಂಝಡ್‌ಮೈನ್, ಎಕ್ಸ್‌ಸಿಎಂಎಸ್ ಯಾವುದರಲ್ಲಾದರೂ ಪುಕ್ಕಟೆಯಾಗಿ ಮುಂದುವರಿಯಬಹುದು. ಫೈಲ್ ಹೆಸರಿನಲ್ಲಿ ಖಾಲಿ ಜಾಗ, ವಿಶೇಷ ಚಿಹ್ನೆ ಇದ್ದರೆ ಕೆಲವು ಸಾಫ್ಟ್‌ವೇರ್ ಅರ್ಧಕ್ಕೆ ನಿಲ್ಲುತ್ತವೆ. ಉಳಿದ ಸಾರವನ್ನು ಮೈನಸ್ 80ರಲ್ಲಿ ಎಷ್ಟು ದಿನ ಇಡುತ್ತಾರೆ ಎಂಬುದನ್ನೂ ಅವತ್ತೇ ಬರೆಸಿಕೊಳ್ಳಿ; ರಿವ್ಯೂಯರ್ ಸ್ಟ್ಯಾಂಡರ್ಡ್ ಜೊತೆ ಮತ್ತೆ ಓಡಿಸಿ ಎಂದಾಗ ಅದೇ ವಯಲ್ ಬೇಕಾಗುತ್ತದೆ.